ಕೆಂಪು ಹೋದ ಮೇಲೆ

ಕುಮಾಸಿಯ ಸುವಾಮೆಯಲ್ಲಿ ಬೆಳಿಗ್ಗೆ ಏಳಕ್ಕೇ
ಸಾವಿರ ಸುತ್ತಿಗೆ ಶುರುವಾಗುತ್ತವೆ.
ಆ ಗದ್ದಲದೊಳಗೇ ನಮ್ಮ ಮೇಸ್ತ್ರಿ ಅಫ್ರಿಯೆ
ಒಂದು ಗೇರ್‌ಬಾಕ್ಸು ಉಗುಳು ನುಂಗುವುದನ್ನು ಕೇಳಿಸಿಕೊಳ್ಳಬಲ್ಲ.

ಫ್ರೆಂಪೊಮಾ ಬಂದದ್ದು ಹಾರ್ಮಟಾನ್ ಧೂಳಿನ ಮಂಗಳವಾರ.
ಬ್ರೆಡ್ಡು ಸಾಗಿಸುವ ವ್ಯಾನು. ಹಿಂದಿನ ಗಾಜಿಗೆ
ಹಳದಿ ಅಕ್ಷರ: ಅವಸರವೇಕೆ.
‘ಈಗ ನನಗೇ ಹೇಳುತ್ತೆ,’ ಅಂದಳು.
‘ಡಿ-ಗೆ ಎಳೆದರೆ ಒಂದು, ಎರಡು, ಮೂರು ಎಣಿಸಬೇಕು,
ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಜಿಗಿತ.
ಮಾಂಪೊಂಗ್ ಏರಿನಲ್ಲಿ ಎಂಜಿನ್ನು ಕಿರುಚಿಕೊಳ್ಳುತ್ತೆ,
ಚಕ್ರಕ್ಕೆ ಮಾತ್ರ ಸುದ್ದಿಯೇ ಮುಟ್ಟಿಲ್ಲ.’

ಮೇಸ್ತ್ರಿ ಮಾತಾಡಲಿಲ್ಲ, ನನ್ನ ಕಡೆ ಕೈ ಚಾಚಿದ.
ಅಳತೆಕಡ್ಡಿ ಎಳೆದು ಕೊಟ್ಟೆ.
ತುದಿಯ ಹನಿಯನ್ನು
ಬ್ರೆಡ್ ಸುತ್ತುವ ಬಿಳಿ ಕಾಗದಕ್ಕೆ ಒರೆಸಿದ.
ಹೊಸದರಲ್ಲಿ ಅದಕ್ಕೆ ಸೊಬೊಲೊ ಬಣ್ಣ,
ಪುಂಡಿ ಹೂ ಕುದಿಸಿ, ಶುಂಠಿ ಜಜ್ಜಿ ಹಾಕಿ
ನನ್ನತ್ತೆ ಬಾಟಲಿ ತುಂಬಿ ಮಾರುವ ಕೆಂಪು.
ಇದು ತಳ ಹಿಡಿದ ತಾಳೆಹಣ್ಣಿನ ಸಾರು.
‘ಮೂಸು,’ ಅಂದ. ಮೂಸಿದೆ.
ಅವಳೂ ಬಗ್ಗಿ ಮೂಸಿದಳು:
‘ಒಲೆಯಲ್ಲಿ ಮರೆತ ಬ್ರೆಡ್ಡು.’
ಆ ವಾಸನೆಯ ಬೆಲೆ ಅವಳಿಗೆ ಗೊತ್ತು.

ಕಾಗದವನ್ನು ಬೆಳಕಿಗೆ ಹಿಡಿದು ಮೇಸ್ತ್ರಿ ಹೇಳಿದ್ದಿಷ್ಟು:
ಇದು ಬರೀ ಎಣ್ಣೆಯಲ್ಲ ತಾಯಿ.
ಜಾರಿಸುವುದು ಅರ್ಧ ಕೆಲಸ, ಹಿಡಿಸುವುದು ಅರ್ಧ.
ಎಷ್ಟು ಜಾರಬೇಕು, ಯಾವ ಗಳಿಗೆಗೆ ಕಚ್ಚಬೇಕು
ಅದರಲ್ಲೇ ಬೆರೆಸಿ ಕಳಿಸಿರುತ್ತಾರೆ.
ಏರು ಹತ್ತುವಾಗ ಕಾಯುತ್ತೆ,
ಇಳಿದು ತಣ್ಣಗಾದರೂ ಆ ಕಾವನ್ನು ಮರೆಯೋದಿಲ್ಲ.
ಗಾಳಿ ಸೇರಿ ಹುಳಿಯಾಗುತ್ತೆ.
ಬೆರೆಸಿದ್ದೆಲ್ಲ ಖರ್ಚಾಗುತ್ತೆ.
ಉಳಿದದ್ದು ಮೆರುಗೆಣ್ಣೆಯ ಹಾಗೆ ಕವಾಟಕ್ಕೆ ಮೆತ್ತಿ
ಕೂದಲೆಳೆಯ ಸಂದು ಮುಚ್ಚುತ್ತೆ.
ಒತ್ತಡ ಹೊರಟಿರುತ್ತೆ,
ತಲುಪೋದಿಲ್ಲ.
ಕ್ಲಚ್ಚಿನ ಬಿಲ್ಲೆಗಳು ಅರೆಮನಸ್ಸಿಗೆ ಕೈ ಹಿಡಿದು,
ಜಾರಿ, ಮತ್ತೆ ಕಾದು,
ತಮ್ಮನ್ನೇ ಪುಡಿ ಮಾಡಿ ಅದೇ ಎಣ್ಣೆಗೆ ಉದುರಿಸುತ್ತವೆ.

‘ಮಾರಿದವನು ಹೇಳಿದ್ದ,
ಜೀವಮಾನ ಪೂರ್ತಿ ಬದಲಿಸೋದೇ ಬೇಡ ಅಂತ.’
‘ಯಾರ ಜೀವಮಾನ?’ ಅಂದ ಮೇಸ್ತ್ರಿ.
ಪಕ್ಕದ ಶೆಡ್ಡಿನ ಬೆಸುಗೆಯವನೂ ನಕ್ಕ.
ಅವಳು ನಗಲಿಲ್ಲ. ‘ಹಾಗಾದರೆ ಹೊಸದು ಹಾಕಿ.’

ನಾನು ಡಬ್ಬದ ಮುಚ್ಚಳ ತಿರುಗಿಸಿಯೇ ಬಿಟ್ಟಿದ್ದೆ.
ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದ.

‘ಆ ಹೊಲಸೇ ಈಗ ಇದರ ಹಿಡಿತ.
ತೇಲುವ ಪುಡಿಯೇ ಸವೆದ ಬಿಲ್ಲೆಗೆ ಒರಟು.
ತೊಳೆದು ಶುದ್ಧ ಮಾಡಿಬಿಟ್ಟೆನೋ,
ನಾಡಿದ್ದು ಏರಿನ ನಡುವೆ ನಿಲ್ಲುತ್ತೀ, ಬ್ರೆಡ್ಡು ಸಮೇತ.
ಒಬ್ಬನಿಗೆ ಹಾಗೇ ಮಾಡಿದ್ದೆ.
ಫಳಫಳ ಕೆಂಪು ತುಂಬಿ ಕಳಿಸಿದ್ದೆ.’
ಅಷ್ಟಕ್ಕೇ ನಿಲ್ಲಿಸಿದ.
ಶೆಡ್ಡಿನ ಹಿಂದೆ ಕೋಳಿ ಮೊಟ್ಟೆಯಿಡುವ ನೀಲಿ ಕಾರು
ಯಾಕೆ ಅಲ್ಲೇ ಇದೆಯೆಂದು ಅವತ್ತು ನನಗೆ ತಿಳಿಯಿತು.

ಪೂರ್ತಿ ಬಿಚ್ಚಿ ಹೊಸ ಬಿಲ್ಲೆ ಕೂರಿಸಿದರೆ ನಾಲ್ಕು ತಿಂಗಳ ಬ್ರೆಡ್ಡು.
ಇಲ್ಲವೇ ಮೂರರಲ್ಲೊಂದು ಪಾಲು ಇಳಿಸಿ, ಜಾಲರಿ ತೊಳೆದು,
ಅಷ್ಟೇ ಹೊಸದು ಸುರಿದು,
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು.
ಅದೇ ಕಾಗದದಲ್ಲಿ, ಕಂದು ಕಲೆಯ ಪಕ್ಕ,
ಅವಳು ಬಹಳ ಹೊತ್ತು ಲೆಕ್ಕ ಬರೆದಳು,
ಹೊಡೆದು ಹಾಕಿದಳು, ಮತ್ತೆ ಬರೆದಳು.
‘ಮೂರರಲ್ಲೊಂದು,’ ಅಂದಳು.

ಸಂಜೆ ಡಿ-ಗೆ ಎಳೆದಾಗ
ಮೂವರ ತುಟಿಯೂ ಅಲ್ಲಾಡುತ್ತಿತ್ತು.
ಒಂದು.
ಎರಡು.
ಎರಡೂವರೆಗೆ ಹೊರಟಿತು, ಒದೆಯದೆ.

ಮೇಸ್ತ್ರಿ ಆಗಲೇ ಮತ್ತೊಂದು ಗಾಡಿಯ ಕೆಳಗಿದ್ದ.
ಅವಳು ಕೊಟ್ಟುಹೋದ ಬ್ರೆಡ್ಡಿನ ಮೇಲೆ
ನನ್ನ ಹೆಬ್ಬೆರಳಿನ ಗುರುತು ಬಿದ್ದಿತ್ತು, ಕಂದು.
ಹಾಗೇ ತಿಂದೆ.