ಒಂದು ಹೊತ್ತಿನ ಸೊಪ್ಪು

ಹುಳು ನಾಲ್ಕನೇ ಜ್ವರದಿಂದ ಎದ್ದಿವೆ, ಚೌರಪ್ಪ.
ಮೂರು ಭಾನುವಾರ ಆಯಿತು,
ಸೊಪ್ಪು ಸೊಪ್ಪು ಅಂತ
ಪೂಜೆಯ ಹೊತ್ತು ಜಾರಿದ್ದು ಗೊತ್ತಿದ್ದೂ ಸುಮ್ಮನಿದ್ದೆವು.

ನಿನ್ನೆ ನೀನೇ ಗದರಿದೆ, ಆಳು ಹುಡುಗನಿಗೆ:
‘ಒಂದು ಹೊತ್ತು ತಪ್ಪಿಸಿ
ಮರುಹೊತ್ತು ಎರಡರಷ್ಟು ಸುರಿದರೆ
ಹುಳು ಒಪ್ಪಲ್ಲ ಕಣೋ,
ಗೂಡಲ್ಲಿ ತೋರಿಸುತ್ತೆ.’

ಒಲೆ ಮುಂದೆ ಕೂತು ಕೇಳಿಸಿಕೊಂಡೆ,
ಕ್ರಿಸ್‌ಮಸ್ಸಿಗೆ ಹೋದರಾಯಿತು ಅಂದುಕೊಂಡಿದ್ದವಳು.

ನಾಲ್ಕಕ್ಕೇ ಎದ್ದು ತಟ್ಟೆ ತುಂಬಿಸಿದ್ದೇನೆ.
ಹತ್ತು ಗಂಟೆಯ ಸೊಪ್ಪು ನೀನು ಹಾಕು,
ಮುಂದಿನ ವಾರ ನಿನ್ನ ಸರದಿ.
ಅಗೋ, ಶಿಡ್ಲಘಟ್ಟದ ಬಸ್ಸು.

ಮೊದಲು ಪಾಪನಿವೇದನೆ ಮಾಡಬೇಕು,
ಹುಳುವಿನ ನೆಪ ಹೇಳಬಾರದು.
ಆಮೇಲೆ
ಸೋಪಿಗೂ ಹೋಗದ ಈ ಹಸಿರು ಕಲೆಯ ಅಂಗೈ ಮೇಲೆ
ಸ್ವಾಮಿಗಳು ಇಡಲಿ
ಇವತ್ತಿನ ಹೊತ್ತಿನದು.