ಕುರ್ಚಿಯ ತೂಕ ಕಳೆದು

ಸಂಜೆ ಆರಕ್ಕೆ ದಾವಣಗೆರೆಯ ಎಪಿಎಂಸಿ ಅಂಗಳ ಖಾಲಿ.
ಮೆಕ್ಕೆಜೋಳದ ಹಳದಿ ದೂಳು ಇನ್ನೂ ಕೂತಿಲ್ಲ,
ಪಾರಿವಾಳಗಳ ಲೆಕ್ಕ ಮುಗಿದಿಲ್ಲ.
ಖಲಂದರ್ ತೂಕದ ಹಲಗೆಯಿಂದ ಗೋಣಿತಟ್ಟು ಒದ್ದು ಸರಿಸಿ
'ಹತ್ತಪ್ಪಾ ತಿಪ್ಪೇಶಿ' ಅಂತಾನೆ.
ಹತ್ತುವುದೇನು, ಗಾಲಿ ಉರುಳಿಸುತ್ತೇನೆ.

ಎಂಬತ್ತೊಂಬತ್ತು.
ಕುರ್ಚಿ ಹದಿನೆಂಟು, ಕಳೆ.
ಎಪ್ಪತ್ತೊಂದು.

ಲಾರಿಯ ಮೇಲಿಂದ ಮೂವತ್ತೆರಡನೇ ಚೀಲದ ಜೊತೆ
ನಾನೂ ಇಳಿದೆನಲ್ಲ, ಆ ದಿನ ಇದ್ದದ್ದೂ
ಇದೇ ಎಪ್ಪತ್ತೊಂದು.
'ಒಂದು ಗ್ರಾಮೂ ಆಚೀಚೆ ಇಲ್ಲ ನೋಡು!'
ಖಲಂದರನಿಗೆ ಖುಷಿ.
ಹದಿನಾರು ವರ್ಷ ಹೊತ್ತ ಬೆನ್ನಿಗೆ ಗೊತ್ತು:
ತೂಕ ಅದೇ ಅಂದರೆ ಮಾಲು ಅದೇ ಅಂತಲ್ಲ.

ತೊಡೆಯಲ್ಲಿ ಹಗ್ಗದ ಹಾಗೆ ಹುರಿಗೊಂಡು ಇದ್ದದ್ದು
ಯಾರಿಗೂ ಹೇಳದೆ ಮನೆ ಖಾಲಿ ಮಾಡಿದೆ.
ಆ ಜಾಗಕ್ಕೆ ಬಾಡಿಗೆಗೆ ಬಂದಿದೆ ಕೊಬ್ಬು,
ಮೆತ್ತಗೆ, ಸದ್ದಿಲ್ಲದೆ, ಬಾಡಿಗೆ ಕೊಡದೆ.
ಮೀನಖಂಡ ಮಗಳ ಮುಂಗೈಯಷ್ಟು.
ಹೊಟ್ಟೆ ಮಾತ್ರ ದಲಾಲಿ ಸಾಹುಕಾರನದು,
ದುಡ್ಡಿಲ್ಲ ಅಷ್ಟೇ.
ಎಲುಬು ಮಂಡಕ್ಕಿ ಆಗುತ್ತಿದೆಯಂತೆ.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರಮ್ಮ ಹೇಳಿದ್ದು ಬೇರೆ ಮಾತಲ್ಲಿ;
ಮಂಡಕ್ಕಿ ಅಂದವನು ನಾನು.
ಊರಿಗೆ ತಕ್ಕ ಎಲುಬು ಅಂತ ನಗಿಸಲು ನೋಡಿದೆ.
ಅವರು ನಗಲಿಲ್ಲ.
'ಕುರ್ಚಿಯಿಂದ ಹಾಸಿಗೆಗೆ ಸರಿಯುವಾಗ ಹುಷಾರು' ಅಂದರು.

ಕೆಲಸ ನಿಂತ ಭಟ್ಟಿಗೆ ಯಾರೂ ಹೊಟ್ಟು ಸುರಿಯುವುದಿಲ್ಲ.
ನಾನು ಸುರಿದೆ, ಒಂದೂವರೆ ವರ್ಷ.
ನಾಲ್ಕು ಮುದ್ದೆ ನುಂಗಿ ನೂರು ಚೀಲ ಇಳಿಸಿದ ಹಸಿವು
ಬೆನ್ನು ಮುರಿದ ಸುದ್ದಿ ತಲುಪದೆ
ಹೊತ್ತಿಗೆ ಸರಿಯಾಗಿ ಬಂದು ತಟ್ಟೆ ಮುಂದೆ ಕೂರುತ್ತಿತ್ತು.
ಕೆಳಗಿನ ಅರ್ಧ ಮೈ ದುಡಿಯುವುದಿಲ್ಲ, ಕೂಲಿಯನ್ನೂ ಕೇಳುವುದಿಲ್ಲ;
ಅದರ ಪಾಲು ದಿನಾ ಉಳಿದು
ಹೊಟ್ಟೆಯ ಖಾತೆಗೆ ಜಮಾ,
ರಕ್ತದಲ್ಲಿ ಸಕ್ಕರೆ ಬಡ್ಡಿ.

ಸಾಕವ್ವ ಎರಡನೇ ಮುದ್ದೆ ಹಾಕದ ರಾತ್ರಿ
ತಟ್ಟೆ ಗೋಡೆಗೆ ಹೋಯಿತು.
ಅವಳು ಗೋಡೆ ಒರೆಸಿದಳು.
ಮುದ್ದೆ ಹಾಕಲಿಲ್ಲ.
ಮರುದಿನ ಹೆಚ್ಚಿದ ಸೌತೆಕಾಯಿ, ಮೊಳಕೆ ಹುರುಳಿ,
ಸಕ್ಕರೆಯಿಲ್ಲದ ಚಾ,
ಚಾಕ್ಕಿಂತ ಸಪ್ಪೆ ನನ್ನ ಮುಖ.
ನೋಡಿಯೂ ನೋಡದವಳಂತೆ
ತನ್ನ ತಟ್ಟೆಗೂ ಒಂದೇ ಮುದ್ದೆ ಹಾಕಿಕೊಂಡಳು.
ಅವಳ ಕಾಲು ಸರಿಯಾಗೇ ಇದ್ದವು.

ಹಲಗೆ ಇಳಿದೆ.
ಭುಜ ಇನ್ನೂ ಹಮಾಲನದೇ.
ಖಾಲಿ ಅಂಗಳಕ್ಕೆ ಹನ್ನೆರಡು ಸುತ್ತು, ಇದು ಈಗಿನ ಲೋಡು.
ಖಲಂದರ್ ಕಟ್ಟೆ ಮೇಲೆ ಬೀಡಿ ಹಚ್ಚಿ ಎಣಿಸಲು ಕೂರುತ್ತಾನೆ.
ಕಾಳು ಅಳೆದ ಬಾಯಿ, 'ಒಂದು' ಅನ್ನುವ ರೂಢಿಯಿಲ್ಲ.
ಗೇಟು ಮುಟ್ಟಿ ತಿರುಗಿ ಬರುವಾಗ
ಏದುಸಿರಿನ ನಡುವೆ ಕೇಳಿಸುತ್ತದೆ:
'ಲಾಭ.'

'ಎರಡು.'

ಬೆವರು ಎದೆವರೆಗೆ ಇಳಿದು, ಅಲ್ಲಿಂದಾಚೆ
ಮೈ ಒಣಗಿದ ನೆಲ.
ಮೂರು ಅನ್ನುವ ಮೊದಲೇ ಮುಂದಿನ ಗಾಲಿಗೆ
ಜೋಳದ ಬೆಂಡು ಸಿಕ್ಕಿಕೊಂಡಿತು.
ತಾಳು ಖಲಂದರ್, ಬರಬೇಡ,
ಬಗ್ಗಿ ತೆಗೆಯುತ್ತಿದ್ದೇನೆ.
ಹೊಟ್ಟೆ ಅಡ್ಡ.