ಇತರೆ

ಹೆಸರು ಸುಗಂಧಿ ಕರ್ಕೇರ. ವಯಸ್ಸು ಐವತ್ತೆರಡು. ವಾಸ ತೋಟಬೆಂಗ್ರೆ.
ಕಸಬು? ಮೊದಲು ಚೌಕ ತುಂಬುವುದು, ಈಗ ಎಂತದೂ ಇಲ್ಲ.
ಶಿರಸ್ತೇದಾರರು ‘ಗೃಹಿಣಿ’ ಎಂದು ಬರೆದುಕೊಂಡರು.

ಫೆರಿ ದಾಟಿ, ಬಂದರಿನ ಮೀನುಲಾರಿಗಳ ನಡುವೆ ನುಸುಳಿ
ಕೋರ್ಟುಗುಡ್ಡ ಹತ್ತುವಾಗ ಮೊಣಕಾಲು ಕೇಳಿತ್ತು:
ಇದು ಎಷ್ಟನೆಯ ವಾಯಿದೆ ಮಾರಾಯ್ತಿ?

ವಾದಿ: ತೀರಿಹೋದ ಗ್ರೆಗರಿ ಪಾಯ್ಸರ ಹೆಂಡತಿ ಐರಿನ್ ಬಾಯಿ.
ಒಂದನೆಯ ಪ್ರತಿವಾದಿ: ದುಡ್ಡು ಹಾಕಿದ ಉಪೇಂದ್ರ ಶೆಣೈ, ಹೆಂಚಿನ ವ್ಯಾಪಾರ.
ಎರಡನೆಯದು ಮುಂಬೈಯ ಕಂಪನಿ,
ಮುಚ್ಚಿದ ಆಫೀಸನ್ನು ಕೊಂಡವರಿಂದ ಕೊಂಡವರಿಂದ ಕೊಂಡದ್ದು.
ಆ ಕ್ರಯಪತ್ರದಲ್ಲಿ ಹತ್ತು ಕುರ್ಚಿ, ಎರಡು ಫ್ಯಾನು,
ಕೊನೆಗೆ ‘ಇತರೆ’ ಎಂದು ಒಂದು ಸಾಲು.
ಆ ಇತರೆಯೊಳಗೆ ನಮ್ಮ ಆಟ ಉಂಟಾ ಇಲ್ಲವಾ,
ಅದೇ ವ್ಯಾಜ್ಯ.
ಮೂವತ್ತು ವರ್ಷ ಯಾರಿಗೂ ಬೇಡವಾಗಿತ್ತು.
ಯಾರೋ ಫೋನಿಗೆ ಇಳಿಸಿ ಮಾರುತ್ತೇವೆಂದ ಮೇಲೆ
ಎಲ್ಲರಿಗೂ ನೆನಪಾಯಿತು.

ಆಟದ ಹೆಸರು ‘ಅಳಿವೆ’.
ದಾವೆಯಲ್ಲಿ ಬೆರಳಚ್ಚಿನವರು ‘ಅಳಿವು’ ಎಂದು ಹೊಡೆದಿದ್ದರು;
ತಿದ್ದುಪಡಿಗೇ ಒಂದು ವಾಯಿದೆ ಹೋಯಿತು.

ತೊಂಬತ್ತಮೂರು. ಹಂಪನಕಟ್ಟೆಯ ಹೊಲಿಗೆ ಅಂಗಡಿಯ ಮಹಡಿ.
ಕೆಳಗೆ ಮಿಶಿನು ಕಟಕಟ, ಮೇಲೆ ಗ್ರೆಗರಿ ಸರ್ ಕಟಕಟ.
ನಾನು ಗ್ರಾಫ್ ಹಾಳೆಯಲ್ಲಿ
ಅಡ್ಡ ಹದಿನಾರು ಮನೆ, ಉದ್ದ ಹದಿನಾರು,
ಒಂದೊಂದೇ ಚೌಕ ಪೆನ್ಸಿಲಿನಿಂದ ತುಂಬಿ ದೋಣಿ ಮಾಡುತ್ತಿದ್ದೆ.
ದೋಣಿಗೆ ಹದಿನೈದು ರೂಪಾಯಿ. ತೆರೆಗೆ ಹತ್ತು.
ಬಂಗುಡೆಗೆ ಐದು; ಬಾಲ ಸರಿ ಇಲ್ಲವೆಂದು ಒಮ್ಮೆ ಮೂರೇ.

ರಸೀದಿ?
ಇಲ್ಲ.
ಕರಾರು?
ಆಟ ಮುಗಿದ ದಿನ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದ್ದರು ಸ್ವಾಮಿ.
ಅದು ಕರಾರಾ?

ಅಳಿವೆ ದಾಟುವುದು ಹೇಗೆಂದು ಸರ್‌ಗೆ ಗೊತ್ತಿರಲಿಲ್ಲ,
ಬಿಜೈಯಲ್ಲಿ ಹುಟ್ಟಿದವರು. ಅಪ್ಪನನ್ನು ಕರೆತಂದೆ.
ಅಪ್ಪ ಚಪ್ಪಲಿ ಹೊರಗಿಟ್ಟು, ಪರದೆಯ ಮುಂದೆ ಕೂತು
ತುಳುವಿನಲ್ಲಿ ಬೈದರು:
ಇದೆಂತ ಸಮುದ್ರ, ಎಲ್ಲ ತೆರೆಯೂ ಒಂದೇ ಎತ್ತರ!
ಎರಡು ಬಿಡಬೇಕು. ಮೂರನೆಯದು ಮುರಿದ ಮೇಲೆ
ನೀರು ಸ್ವಲ್ಪ ಹೊತ್ತು ಯೋಚನೆ ಮಾಡ್ತದೆ.
ಆಗ ನುಗ್ಗಬೇಕು.
ಆ ಯೋಚನೆಗೆ ಸರ್ ಹನ್ನೆರಡು ಸಾಲು ಬರೆದರು.
ಅಪ್ಪನಿಗೆ ಚಹಾ ತರಿಸಿದರು.

ನಿಶಾನೆ ಪಿ-೪: ಐದೂಕಾಲು ಇಂಚಿನ ಫ್ಲಾಪಿ, ಒಂದು.
ಅಷ್ಟು ಮಳೆಗಾಲದ ಬೂಷ್ಟು ಹಿಡಿದು
ಒಣಮೀನಿನ ಹಾಗೆ ಸೆಟೆದುಕೊಂಡಿತ್ತು. ಓದಲಿಲ್ಲ.
ನಿಶಾನೆ ಪಿ-೫: ಯಾವ ಕಾಲದಲ್ಲೋ ಯಾವನೋ ಹುಡುಗ
ಕದ್ದು ಇಟ್ಟುಕೊಂಡ ನಕಲು.
ಅದು ಓಡಿತು.

ಶಿರಸ್ತೇದಾರರು ಮೊದಲ ತೆರೆಗೇ ಮುಳುಗಿದರು.
ಮುಂಬೈ ಕಂಪನಿಯ ವಕೀಲರು ಎರಡನೆಯದಕ್ಕೆ, ಎರಡು ಸಲ.
ನ್ಯಾಯಾಧೀಶರು ‘ನಾನೂ ಒಮ್ಮೆ’ ಅನ್ನಲಿಲ್ಲ,
ಆದರೆ ಪೀಠದಿಂದ ಬಹಳ ಬಗ್ಗಿದರು.
ಆಮೇಲೆ ನನಗೆ ಕೊಟ್ಟರು.

ಒಂದು ಬಿಟ್ಟೆ.
ಎರಡು ಬಿಟ್ಟೆ.
ಮೂರನೆಯದು ಎದ್ದು, ನನ್ನ ಹತ್ತು ರೂಪಾಯಿಯ ಚೌಕಗಳೆಲ್ಲ
ಚೆಲ್ಲಾಪಿಲ್ಲಿಯಾಗಿ ಮುರಿದು, ಆಮೇಲೆ
ನೀರು
ಯೋಚನೆ ಮಾಡಿತು.

ದೋಣಿ ದಾಟಿತು.
ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅಮೀನರು ಗದರಿಸಿದರು.
ಐರಿನ್ ಬಾಯಿ ಪರದೆಯನ್ನೇ ನೋಡುತ್ತಿದ್ದರು,
ಶೆಣೈ ಮಾಮ್ ಕರ್ಚೀಪಿನಲ್ಲಿ ಕೆಮ್ಮುತ್ತ.

ವಕೀಲರು: ತೆರೆ ನಿಮ್ಮದೋ?
ಬರೆದದ್ದು ನಾನು.
ಹತ್ತು ರೂಪಾಯಿಗೆ ಕೊಟ್ಟದ್ದು ಹಾಳೆಯನ್ನೋ, ತೆರೆಯನ್ನೋ?
ಬಾಯಿ ಒಣಗಿತು. ಹಾಗೆ ಯಾರೂ ಕೇಳಿರಲಿಲ್ಲ.
ಮತ್ತೆ, ಮುರಿದ ಮೇಲಿನ ಆ ನಿಲುಗಡೆ? ಅದು ಯಾರದ್ದು?
ಸರ್ ಎನ್ನಲೋ, ಅಪ್ಪ ಎನ್ನಲೋ;
ಅಪ್ಪನಿಗೆ ಅವರ ಮಾವ ಹೇಳಿದ್ದು, ಆ ಮಾವನಿಗೆ—
ಅದು ಮೊದಲೇ ಅಲ್ಲಿ ಇತ್ತು ಸ್ವಾಮಿ, ಅಂದೆ.

ಬೆರಳಚ್ಚಿನಲ್ಲಿ ಅದು ಹೀಗೆ ಬಂತು:
‘ಸಾಕ್ಷಿಗೆ ಗೊತ್ತಿರುವುದಿಲ್ಲ.’
ಓದಿ ಹೇಳಿದರು, ಸರಿ ಉಂಟೆಂದು ಸಹಿ ಹಾಕಿದೆ.
ಮುಂದಿನ ವಾಯಿದೆ ರಜೆ ಕಳೆದ ಮೇಲೆ.

ಸಂಜೆ ಇಳಿತ. ಫೆರಿಗೆ ಈಗ ಹತ್ತು ರೂಪಾಯಿ.
ಕೊಟ್ಟೆ.